ಕಡಲ ಊರಿಗೆ ಹೋಗುವ ಮುನ್ನ ಬಾವಿ ನೀರು ಕುಡಿದು ನೋಡಿ

ಬೆಂಗಳೂರು ಸಾಕು, ಕಡಲ ಕಡೆ ಹೋಗೋಣ ಅಂತ ತೀರ್ಮಾನಿಸಿದ್ದೀರಾ? ಹಾಗಾದರೆ ಜಾಗ ನೋಡೋಕೆ ಡಿಸೆಂಬರಿನಲ್ಲಿ ಹೋಗಬೇಡಿ. ಜುಲೈನಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಇನ್ನೊಮ್ಮೆ ಹೋಗಿ.

ಜುಲೈನಲ್ಲಿ ಕರೆಂಟು ಎಷ್ಟು ಹೊತ್ತು ಹೋಗುತ್ತೆ, ಹೊಳೆ ನೀರು ಅಂಗಳಕ್ಕೆ ಬರುತ್ತಾ, ನೋಡಿ. ಮೇನಲ್ಲಿ ಬಾವಿ ನೀರು ಕುಡಿದು ನೋಡಿ. ಮಳೆ ನಿಂತು ಹೊಳೆ ಸೊರಗಿದಾಗ ಉಬ್ಬರದ ಉಪ್ಪುನೀರು ಅಳಿವೆಯಿಂದ ಮೇಲೇರುತ್ತೆ. ದಂಡೆಯ ಎಷ್ಟೋ ಬಾವಿಗಳು ಆಗ ಸಪ್ಪೆಯಿಂದ ಉಪ್ಪಾಗ್ತವೆ.

ಈಗ ಯಾವ ಊರು ಅನ್ನೋದು. ಮಂಗಳೂರು-ಉಡುಪಿ ಕಡೆ ವಿಮಾನ ನಿಲ್ದಾಣವಿದೆ, ದೊಡ್ಡ ಆಸ್ಪತ್ರೆಗಳಿವೆ. ಅಂಗಡಿಯಲ್ಲಿ ತುಳು ಕೇಳುತ್ತೆ, ನಾಲ್ಕು ಮಾತು ಕಲಿತುಬಿಡಿ. ಕುಂದಾಪುರದಲ್ಲಿ ಕುಂದಗನ್ನಡ.

ಇನ್ನೂ ಬಡಗಿಗೆ ಹೊನ್ನಾವರ, ಕುಮಟಾ, ಅಂಕೋಲಾ. ಘಟ್ಟದ ಕಾಡು ಕಡಲಿನ ಹತ್ತಿರಕ್ಕೇ ಇಳಿದು ಬರುತ್ತೆ. ನನ್ನ ಮನಸ್ಸಿರೋದು ಅಲ್ಲೇ. ಆದರೆ ಮನೆಯಲ್ಲಿ ಹೃದ್ರೋಗದ ಹಿರಿಯರಿದ್ದರೆ ನೂರು ಸಲ ಯೋಚಿಸಿ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಈ ಊರುಗಳಿರುವ ಉತ್ತರ ಕನ್ನಡ ಜಿಲ್ಲೆಯ ಜನ ವರ್ಷಗಟ್ಟಲೆ ದನಿ ಎತ್ತಿದ್ದಾರೆ. ಕುಮಟಾದಿಂದ ಮಣಿಪಾಲದ ಆಸ್ಪತ್ರೆಗೆ 100 ಕಿಲೋಮೀಟರಿಗೂ ಹೆಚ್ಚು. ಆಂಬುಲೆನ್ಸಿನಲ್ಲಿ ಅದು ಬಹಳ ದೂರ.

ಅಲೆ ಕಾಣುವ ಜಾಗವೇ ಬೇಕಾ? ಮುಂಗಡ ಕೊಡುವ ಮೊದಲು ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆ ತೆಗೆಸಿ, ಅಲ್ಲಿ ಮನೆ ಕಟ್ಟಬಹುದಾ ನೋಡಿ. ಅಲ್ಲಿಯವರೆಗೆ, ಒಂದು ಮಳೆಗಾಲ ಬಾಡಿಗೆ ಮನೆಯಲ್ಲಿರಿ.