ಕಾಯುವ ನೋವು

ರೋಗಕ್ಕೆ ಮದ್ದುಂಟು, ರೋಗವಿರಬಹುದೆಂಬ ಶಂಕೆಗೆ ಮದ್ದು ಯಾವುದು? ಚಿತೆಗೂ ಚಿಂತೆಗೂ ನಡುವೆ ಒಂದು ಸೊನ್ನೆಯಷ್ಟೇ ಅಂತರವೆಂದು ಹಿರಿಯರು ಹೇಳುತ್ತಾರೆ. ಆ ಸೊನ್ನೆಯ ಭಾರವನ್ನು ಅರಿಯಬೇಕಾದರೆ, ಕಿಬ್ಬೊಟ್ಟೆಯ ನೋವಿಗೆಂದು ವೈದ್ಯರಲ್ಲಿಗೆ ಹೋಗಿ, ಅಂಡಾಶಯದಲ್ಲಿ ಒಂದು ಗುಳ್ಳೆ ಕಾಣುತ್ತಿದೆ, ವರದಿ ಬರಲಿ ಎಂಬ ಮಾತನ್ನು ಕೇಳಿಕೊಂಡು ಮನೆಗೆ ಮರಳಿದ ಹೆಂಗಸನ್ನು ನೋಡಬೇಕು.

ನಮ್ಮ ದೇವನಹಳ್ಳಿಯ ನೆತ್ತಿಯ ಮೇಲೆ 2008ರಿಂದ ದೊಡ್ಡ ವಿಮಾನಗಳು ಹಾರಾಡುತ್ತಿವೆ. ಆದರೆ ಕೋಟೆಯ ಒಳಗಿನ ಮನೆಯಲ್ಲಾಗಲಿ, ಸುತ್ತಲ ದ್ರಾಕ್ಷಿ ತೋಟದ ಮನೆಯಲ್ಲಾಗಲಿ, ಪರೀಕ್ಷೆಗೆಂದು ಬೆಂಗಳೂರಿನ ಬಸ್ಸು ಹತ್ತುವ ಗೃಹಿಣಿ ನೆರೆಯವರಿಗೆ ಹೇಳುವ ಕಾರಣ ಇಂದಿಗೂ ‘ಹೊಟ್ಟೆನೋವು’ ಎಂಬುದೇ. ಮದುವೆಯಾಗದ ಹುಡುಗಿಯಾದರಂತೂ ಎಷ್ಟೋ ಮನೆಗಳಲ್ಲಿ ಅಷ್ಟನ್ನೂ ಹೇಳುವಂತಿಲ್ಲ. ಹೀಗೆ ನೋವು ಒಂದಾದರೆ, ಅದನ್ನು ಮುಚ್ಚಿಡುವ ಶ್ರಮ ಇನ್ನೊಂದು.

ಭಾಷೆಯನ್ನು ಕಲಿಸುವವರಿಗೆ ಇಲ್ಲಿ ಮೊದಲು ಕಾಣುವುದು ಮಾತಿನ ತೊಡಕು. ವೈದ್ಯರು ಹೇಳಿದ ‘ಗುಳ್ಳೆ’ ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ‘ಗಡ್ಡೆ’ಯಾಗುತ್ತದೆ, ಗಡ್ಡೆಯೆಂದೊಡನೆ ಮನಸ್ಸು ಕ್ಯಾನ್ಸರಿಗೆ ಹಾರುತ್ತದೆ. ಗಡ್ಡೆಯೋ ನೆಲದಡಿಯಲ್ಲಿ ಬಲಿಯುವ ವಸ್ತು; ಗುಳ್ಳೆಯಾದರೋ ಎದ್ದು ಅಡಗುವಂಥದು. ಈ ಎರಡು ಪದಗಳ ನಡುವಣ ದೂರದಲ್ಲಿ ಎಷ್ಟೋ ರಾತ್ರಿಗಳ ನಿದ್ರೆ ಕಳೆದುಹೋಗಿದೆ.

ಸಂಗತಿಯಾದರೂ ಏನು? ಹರೆಯದಿಂದ ಮುಟ್ಟು ನಿಲ್ಲುವವರೆಗೆ, ಸಾಮಾನ್ಯವಾಗಿ ತಿಂಗಳು ತಿಂಗಳೂ ಅಂಡಾಶಯದಲ್ಲಿ ನೀರು ತುಂಬಿದ ಚಿಕ್ಕ ಕೋಶವೊಂದು ಬೆಳೆದು, ಒಡೆದು, ಅಂಡವನ್ನು ಹೊರಬಿಡುತ್ತದೆ. ಒಮ್ಮೊಮ್ಮೆ ಅದು ಒಡೆಯದೆ ಹಿಗ್ಗುತ್ತದೆ, ಅದೇ ನೀರುಗುಳ್ಳೆ. ಇಂಥವುಗಳಲ್ಲಿ ಬಹುಪಾಲು ಎರಡು ಮೂರು ತಿಂಗಳಲ್ಲಿ ತಾವಾಗಿಯೇ ಕುಗ್ಗುತ್ತವೆ. ಕೆಲವು ಬೇರೆ ಬಗೆಯವು, ಅವು ಕುಗ್ಗವು. ಮುಟ್ಟು ನಿಂತ ಮೇಲೆ ಕಂಡ ಗುಳ್ಳೆಯನ್ನು ವೈದ್ಯರು ಇನ್ನಷ್ಟು ಎಚ್ಚರದಿಂದ ನೋಡುತ್ತಾರೆ. ರಕ್ತದಲ್ಲಿ ಅಳೆಯುವ ಸಿಎ-125 ಎಂಬ ಅಂಶ 35ರ ಗೆರೆಯನ್ನು ಮೀರಿತೆಂದ ಮಾತ್ರಕ್ಕೆ ತೀರ್ಪು ಬಂದಂತಲ್ಲ. ಮುಟ್ಟಿನ ದಿನಗಳಲ್ಲಿಯೂ ಅದು ಏರಬಹುದು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕನ್ನು ಪರೀಕ್ಷಿಸುವವರು ಅದನ್ನು ಔಷಧದಲ್ಲಿ ನೆನೆಸಿ, ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳುವಾಗಿ ಹೆರೆದು, ಬಣ್ಣವೇರಿಸಿ ನೋಡಬೇಕು. ಅದಕ್ಕೆ ದಿನಗಳು ಹಿಡಿಯುತ್ತವೆ. ವರದಿ ತಡವಾದದ್ದು ಕೆಟ್ಟ ಸುದ್ದಿಯ ಮುನ್ಸೂಚನೆಯೆಂದು ತಿಳಿಯಬೇಕಾಗಿಲ್ಲ.

ಇಂಥ ಸಂಗತಿಗಳನ್ನು ಕನ್ನಡದ ಮನೆಮಾತಿನಲ್ಲಿ ಹೆಂಗಸರ ಕೈಗಿಟ್ಟವರಲ್ಲಿ ಅನುಪಮಾ ನಿರಂಜನ (1934–1991) ಮುಖ್ಯರು. ವೈದ್ಯೆಯೂ ಕಾದಂಬರಿಕಾರ್ತಿಯೂ ಆದ ಅವರು ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ಗಳನ್ನು ಬರೆದು, ಪಿಸುಮಾತಿನಲ್ಲಿದ್ದುದನ್ನು ಅಚ್ಚಿನ ಮಾತಾಗಿಸಿದರು. ಅವರೇ ಕೊನೆಗೆ ಕ್ಯಾನ್ಸರಿಗೆ ತುತ್ತಾದರು. ತಿಳಿವಳಿಕೆ ಮೃತ್ಯುವನ್ನು ತಡೆಯದು, ದಿಟ. ಆದರೆ ಭೀತಿಯನ್ನು ಅದರ ಮಿತಿಯೊಳಗೆ ನಿಲ್ಲಿಸುತ್ತದೆ.

ಇದಕ್ಕೆ ದೂರದೇಶದ ಸಾಕ್ಷಿಯೊಂದುಂಟು. 1809ರಲ್ಲಿ ಅಮೆರಿಕದ ಕೆಂಟಕಿಯ ಜೇನ್ ಟಾಡ್ ಕ್ರಾಫರ್ಡ್ ಎಂಬ ಗೃಹಿಣಿಯ ಹೊಟ್ಟೆ ಬೆಳೆಯಿತು, ಸುತ್ತಲಿನವರು ಗರ್ಭವೆಂದರು. ಎಫ್ರಾಯಿಂ ಮ್ಯಾಕ್‌ಡವೆಲ್ ಎಂಬ ವೈದ್ಯ ಬಂದು ನೋಡಿ, ಇದು ಬಸಿರಲ್ಲ, ಅಂಡಾಶಯದ ಬೆಳವಣಿಗೆಯೆಂದು ಅಪಾಯವನ್ನು ಮುಚ್ಚಿಡದೆ ತಿಳಿಸಿದ. ಆಕೆ ಕುದುರೆಯೇರಿ 60 ಮೈಲಿ ದೂರದ ಅವನ ಊರಿಗೆ ಹೋದಳು. ಅರಿವಳಿಕೆ ಇನ್ನೂ ಬಳಕೆಗೆ ಬಾರದ ಕಾಲ. ಹೊರತೆಗೆದದ್ದು ಸುಮಾರು 10 ಕಿಲೋ. ಆಕೆ ಅನಂತರ 32 ವರ್ಷ ಬದುಕಿ 1842ರಲ್ಲಿ ತೀರಿಕೊಂಡಳು. ಅವಳ ಧೈರ್ಯ ದೊಡ್ಡದು. ಆ ಧೈರ್ಯಕ್ಕೆ ನೆಲೆಯಾದದ್ದು ಸರಿಯಾದ ಹೆಸರು.

ಧೈರ್ಯದ ಮಾತು ಬಂದಾಗ ಅಷ್ಟು ದೂರವೇ ಹೋಗಬೇಕಾಗಿಲ್ಲ. ನಮ್ಮ ವಿಜಯಪುರದ ಕಡೆ ರೇಷ್ಮೆ ಸಾಕುವ ಹೆಂಗಸರಿಗೆ ಕಾಯುವ ವಿದ್ಯೆ ಗೊತ್ತು. ಹುಳು ಪೊರೆ ಕಳಚುವ ಅವಧಿಯನ್ನು ಅವರು ‘ಜ್ವರ’ ಎನ್ನುತ್ತಾರೆ; ಹುಳುವಿಗೆ ಅಂಥ ಜ್ವರ ನಾಲ್ಕು. ಜ್ವರಕ್ಕೆ ಕುಳಿತ ಹುಳುವಿಗೆ ಸೊಪ್ಪು ಹಾಕಬಾರದು, ಕದಲಿಸಲೂ ಬಾರದು. ಹಾಗೆಂದು ಆಕೆ ಕೈಕಟ್ಟಿ ಕೂರುವುದಿಲ್ಲ. ಗಾಳಿಬೆಳಕು ನೋಡುತ್ತಾಳೆ, ತಟ್ಟೆ ತೇವವಾಗದಂತೆ, ಇರುವೆ ಹತ್ತದಂತೆ ಕಾಯುತ್ತಾಳೆ. ತನ್ನ ಕೈಯಲ್ಲಿಲ್ಲದ್ದನ್ನು ಮುಟ್ಟದೆ, ಕೈಯಲ್ಲಿರುವುದನ್ನು ಬಿಡದೆ ಇರುವ ಆ ರೀತಿಯೇ ವರದಿಯ ದಿನಗಳಿಗೂ ಸಲ್ಲುತ್ತದೆ. ನಡುರಾತ್ರಿಯಲ್ಲಿ ಮೊಬೈಲು ಕೆದಕಿದರೆ ಗುಳ್ಳೆ ಕರಗದು. ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಡಬಹುದು. ವೈದ್ಯರು ಕೊಟ್ಟ ನೋವಿನ ಮಾತ್ರೆಯನ್ನು ಹೇಳಿದ ಹೊತ್ತಿಗೆ ನುಂಗಿ, ಹೊಟ್ಟೆಗೆ ಬಿಸಿನೀರಿನ ಚೀಲವಿಟ್ಟುಕೊಳ್ಳಬಹುದು. ಅಕ್ಕನಿಗೋ ಗೆಳತಿಗೋ ಇದ್ದದ್ದನ್ನು ಇದ್ದಂತೆ ಹೇಳಬಹುದು. ಆದರೆ ಹಠಾತ್ತನೆ ತೀವ್ರವಾದ ನೋವು, ವಾಂತಿ, ಜ್ವರ, ತಲೆಸುತ್ತು ಬಂದರೆ ಸಹಿಸಿಕೊಂಡು ಕೂರಬಾರದು. ಗುಳ್ಳೆ ಒಡೆದಿರಬಹುದು, ಇಲ್ಲವೆ ಅಂಡಾಶಯ ತಿರುಚಿಕೊಂಡಿರಬಹುದು. ಆಗ ಕೂಡಲೇ ಆಸ್ಪತ್ರೆ ಸೇರಬೇಕು.

ಮನೆಯವರ ಪಾಲಿನ ಕೆಲಸವೂ ಉಂಟು. ‘ಏನೂ ಆಗುವುದಿಲ್ಲ ಬಿಡು’ ಎಂಬ ನಮ್ಮ ಅಭ್ಯಾಸದ ಸಾಂತ್ವನ ಎಷ್ಟೋ ಬಾರಿ ಆಡುವವರ ಭಯವನ್ನಷ್ಟೇ ಮರೆಸುತ್ತದೆ. ಕೇಳುವವಳು ಇನ್ನಷ್ಟು ಒಂಟಿಯಾಗುತ್ತಾಳೆ. ‘ವರದಿ ತರಲು ನಾನೂ ಬರುತ್ತೇನೆ’ ಎಂಬ ಮಾತು ಚಿಕ್ಕದು. ಆದರೆ ಬಸ್ಸಿನಲ್ಲಿ ಆಕೆಯ ಪಕ್ಕದ ಸೀಟು ಅದರಿಂದ ತುಂಬುತ್ತದೆ.