ಹಿರಣ್ಯಕೇಶಿಯ ನೀರು, ಕಡ್ಲಿ ಹೊಲದ ಕೊಕ್ಕರೆ

ನನ್ನದು ಮಳೆ ನೆಚ್ಚಿದ ಒಕ್ಕಲುತನ. ಅರಭಾವಿ ಮಡ್ಡಿಯ ಅಂಚಿಗೆ ನಾಲ್ಕೆಕರೆ ಎರಿ ಹೊಲ. ಕಾಲುವೆ ನೀರು ತಗ್ಗಿನಲ್ಲೇ ಹೋಗುತ್ತದೆ, ನಮಗೆ ಏರೂದಿಲ್ಲ. ಹಿಂಗಾಗಿ ಹೊಳೆಗೂ ನನಗೂ ಏನು ಸಂಬಂಧ ಅಂತಿದ್ದೆ. ಹೊಳೆಯ ಹಕ್ಕಿಗಳೇ ಹೊಲಕ್ಕೆ ಬಂದು ಸಂಬಂಧ ತೋರಿಸಿದವು.

ಹಿರಣ್ಯಕೇಶಿ ಹುಟ್ಟುವುದು ಮಹಾರಾಷ್ಟ್ರದ ಆಂಬೋಲಿ ಘಟ್ಟದಲ್ಲಿ. ಅಲ್ಲಿಯ ಗುಡಿಯ ಹೊಂಡದಲ್ಲಿ ಸಿಕ್ಕ ಸಣ್ಣ ಮೀನಿಗೆ 2020ರಲ್ಲಿ ವಿಜ್ಞಾನಿಗಳು ಹೊಳೆಯ ಹೆಸರನ್ನೇ ಇಟ್ಟರು: ಶಿಸ್ಟುರಾ ಹಿರಣ್ಯಕೇಶಿ. ಮರುವರ್ಷ ಆ ಜಾಗ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಬೆರಳಿನಷ್ಟು ಮೀನಿಗೆ ಇಷ್ಟು ಮರ್ಯಾದೆ!

ಮುಂದೆ ಆಜರಾ, ಗಡಹಿಂಗ್ಲಜ, ಸಂಕೇಶ್ವರ ದಾಟಿ ಹುಕ್ಕೇರಿ ತಾಲೂಕಿನಲ್ಲಿ ಘಟಪ್ರಭೆ ಸೇರುತ್ತದೆ. ಹಿಡಕಲ್ ಕಟ್ಟೆ ಇರುವುದು ಈ ಸಂಗಮಕ್ಕಿಂತ ಮೇಲೆ. ಅದಕ್ಕೇ ಹಿರಣ್ಯಕೇಶಿಯ ಮಹಾಪೂರವನ್ನು ಆ ಕಟ್ಟೆ ತಡೆಯಲಾರದು. 2019ರ ಆಗಸ್ಟಿನಲ್ಲಿ ಸಂಕೇಶ್ವರ, ಗೋಕಾಕ ಎರಡೂ ಕಡೆ ಮನೆಗಳಿಗೆ ನೀರು ಹೊಕ್ಕಿತ್ತು.

ಎರಡೂ ಹೊಳೆಯ ನೀರು ಕೂಡಿ ನಿಲ್ಲುವುದು ನಮ್ಮ ಸಮೀಪದ ಧೂಪದಾಳದಲ್ಲಿ, ಬ್ರಿಟಿಷರ ಕಾಲದ ಒಡ್ಡಿನ ಹಿಂದೆ. ತೆಳು ನೀರು, ರಾಡಿ, ನಡುಗಡ್ಡೆ, ಹಕ್ಕಿಗೆ ಇನ್ನೇನು ಬೇಕು? 1974ರಲ್ಲಿ ಅದು ಪಕ್ಷಿಧಾಮವಾಯಿತು. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಡೆಮೊಸೆಲ್ ಕ್ರೇನ್ ಎಂಬ ಬೂದು ಹಕ್ಕಿ, ಕೆಂಪು ಕಾಲಿನ ದೊಡ್ಡ ಬಿಳಿ ಕೊಕ್ಕರೆ ಅಲ್ಲಿಯ ಹೆಸರಾದ ಅತಿಥಿಗಳು.

ಎರಡನ್ನೂ ನಾನು ಒಂದೇ ಅಂತ ತಿಳಿದು ಕವಣೆ ಬೀಸಿ ಓಡಿಸುತ್ತಿದ್ದೆ. ಬೂದು ಹಕ್ಕಿ ಕಾಳು ತಿನ್ನುವುದು ಖರೆ. ಅಂಚಿನ ಸಾಲು ಬೋಳಾದದ್ದುಂಟು. ಆದರೆ ಒಂದು ಮುಂಜಾನೆ ಬದುವಿನ ಮೇಲೆ ಸುಮ್ಮನೆ ಕೂತು ನೋಡಿದೆ. ಬಿಳಿಯದು ಸಾಲು ಹಿಡಿದು ನಡೆಯುತ್ತ ಮಿಡತೆ, ಕಾಯಿಕೊರಕ ಹುಳ ಹೆಕ್ಕುತ್ತಿತ್ತು. ಕಾಯಿಗೆ ಬಾಯಿ ಹಾಕಲಿಲ್ಲ.

ಬಾಜೂ ಹೊಲದ ಹುಡುಗ ಪಂಪು ಹೊತ್ತು ಬಂದ. "ಕಾಕಾ, ನೀವು ಔಷಧ ಹೊಡಿಯೂದಿಲ್ಲೇನ?"

"ವಿಷ ಬಿದ್ದ ಹುಳ ತಿಂದ್ರ ಈ ಹಕ್ಕಿ ಗತಿ ಏನೋ ತಮ್ಮಾ?"

"ಹಕ್ಕಿ ಸಾಲ ತೀರಸ್ತೈತೇನ್ರಿ?" ಅಂದ. ಅವನ ಮಾತೂ ಸುಳ್ಳಲ್ಲ. ಸೊಸೈಟಿ ಸಾಲ ನನ್ನ ತಲೆ ಮೇಲೂ ಇದೆ.

ಆ ವರ್ಷ ಅರ್ಧ ಹೊಲಕ್ಕೆ ಬೇವಿನ ಬೀಜದ ಕಷಾಯ ಮಾತ್ರ ಹೊಡೆದೆ. ಹುಳ ಪೂರ್ತಿ ಹೋಗಲಿಲ್ಲ, ಕಾಳು ತುಸು ಕಡಿಮೆ ಬಂತು. ಔಷಧದ ಖರ್ಚು ಉಳಿದದ್ದರಿಂದ ಕೈಗೆ ಬಂದ ರೊಕ್ಕ ಹೆಚ್ಚು ಕಡಿಮೆ ಸಮ ಆಯಿತು. ಮರುವರ್ಷದಿಂದ ನಾಲ್ಕೂ ಎಕರೆಗೆ ಅದನ್ನೇ ಮಾಡಿದ್ದೇನೆ. ಬೂದು ಹಕ್ಕಿಗೆ ಮಾತ್ರ ಈಗಲೂ ಡಬ್ಬಿ ಬಾರಿಸುತ್ತೇನೆ.