ಬೆಲ್ಟಿಗೂ ಒಂದು ವಾಯಿದೆ

ಡಾಡ್ಜ್ ಕಂಪನಿ 2017ರಲ್ಲಿ ‘ಡೀಮನ್’ ಕಾರನ್ನು ಅನಾವರಣ ಮಾಡಿದಾಗ ಅದರ ಪ್ರಚಾರಕ್ಕೆ ಒದಗಿದ್ದು ಒಂದು ನಿಷೇಧ. ಶೋರೂಮಿನಿಂದ ಬಂದ ಹಾಗೇ ಕಾಲು ಮೈಲಿಯನ್ನು 9.65 ಸೆಕೆಂಡಿನಲ್ಲಿ ಮುಗಿಸಬಲ್ಲ ಕಾರು ಅದು. ಅಷ್ಟು ಬೇಗ ಓಡುವ ಕಾರಿನೊಳಗೆ ಉಕ್ಕಿನ ಕೊಳವೆಗಳ ರೋಲ್ ಕೇಜ್ ಇರಲೇಬೇಕೆಂದು ಅಮೆರಿಕದ ಡ್ರ್ಯಾಗ್ ರೇಸಿಂಗ್ ಸಂಸ್ಥೆ ಎನ್‌ಎಚ್‌ಆರ್‌ಎ ಪಟ್ಟು ಹಿಡಿಯಿತು. ಕಂಪನಿ ಅದನ್ನೇ ಬಿರುದಿನಂತೆ ಹೇಳಿಕೊಂಡಿತು. ವಾರಾಂತ್ಯದಲ್ಲಿ ಸ್ವಂತ ಕಾರು ಓಡಿಸುವ ಹವ್ಯಾಸಿಗಳಿಗೆ ಮಾತ್ರ ಇಂಥ ನಿಯಮ ಹಳೆಯ ತಲೆನೋವು.

ಬೀದಿಯಲ್ಲಿ ಜಿದ್ದಿಗೆ ಬೀಳುತ್ತಿದ್ದ ಹುಡುಗರನ್ನು ಟ್ರ್ಯಾಕಿಗೆ ಕರೆತರಲೆಂದು ವಾಲಿ ಪಾರ್ಕ್ಸ್ 1951ರಲ್ಲಿ ಈ ಸಂಸ್ಥೆ ಕಟ್ಟಿದರು. ಆಮೇಲಿನ ನಿಯಮಗಳಲ್ಲಿ ಹಲವು ಅಪಘಾತದ ಬೆನ್ನಿಗೇ ಬಂದವು. 1956ರಲ್ಲಿ ಪೀಟ್ ಸ್ನೆಲ್ ಎಂಬ ಚಾಲಕ ರೇಸಿನಲ್ಲಿ ಹೆಲ್ಮೆಟ್ ಕೈಕೊಟ್ಟು ಸತ್ತರು. ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಪ್ರತಿಷ್ಠಾನ ಮರುವರ್ಷವೇ ಹುಟ್ಟಿತು. 1970ರಲ್ಲಿ ಕ್ಯಾಲಿಫೋರ್ನಿಯಾದ ಲಯನ್ಸ್ ಟ್ರ್ಯಾಕಿನಲ್ಲಿ ಚಾಲಕ ಡಾನ್ ಗಾರ್ಲಿಟ್ಸ್ ಅವರ ಕಾರಿನ ಗೇರ್‌ಬಾಕ್ಸ್ ಸಿಡಿದು ಬಲಪಾದದ ಒಂದು ಭಾಗವೇ ಹೋಯಿತು. ಮರುವರ್ಷ ಅವರು ಎಂಜಿನ್ನನ್ನು ಬೆನ್ನ ಹಿಂದಕ್ಕೆ ಹಾಕಿಸಿಕೊಂಡು ಬಂದು ಗೆದ್ದರು. 1978ರಲ್ಲಿ ಶುರುವಾದ ಎಸ್‌ಎಫ್‌ಐ ಪ್ರತಿಷ್ಠಾನ ಬೆಲ್ಟು, ಜಾಕೆಟ್ಟು, ಕ್ಲಚ್ ಕವಚಗಳಿಗೆ ಮಾನದಂಡ ಬರೆಯಿತು.

ಹವ್ಯಾಸಿಯ ಪಾಲಿಗೆ ಇವೆಲ್ಲ ಕಾಲು ಮೈಲಿ ಮುಗಿಸುವ ಸೆಕೆಂಡಿನ ಲೆಕ್ಕ. 13.99ಕ್ಕೆ ಹೆಲ್ಮೆಟ್, 11.49ಕ್ಕೆ ತಲೆಯ ಹಿಂದೆ ಉಕ್ಕಿನ ರೋಲ್ ಬಾರ್, 9.99ಕ್ಕೆ ಕೇಜ್ ಮತ್ತು ಲೈಸೆನ್ಸ್. ಕಾರು ಚುರುಕಾದಷ್ಟೂ ಜೇಬಿಗೆ ಕತ್ತರಿ. ಓಟದ ಸಮಯ ಬರೆದ ಟೈಮ್ ಸ್ಲಿಪ್ಪಿನಲ್ಲಿ 11.4 ಕಂಡರೆ ಮನೆಗೆ ಕಳಿಸುತ್ತಾರೆಂದು ಗೆರೆ ಮುಟ್ಟುವ ಮೊದಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯುವವರಿದ್ದಾರೆ. ಅವರ ತಕರಾರಿನಲ್ಲಿ ಹುರುಳಿಲ್ಲದಿಲ್ಲ. ಅದೇ ಕಾರಿನಲ್ಲಿ ಸೋಮವಾರ ಹೆಲ್ಮೆಟ್ ಇಲ್ಲದೆ ಕೆಲಸಕ್ಕೆ ಹೊರಟವರಿಗೆ ತಲೆಯ ಹಿಂದಿನ ಉಕ್ಕಿನ ಕೊಳವೆಯೇ ಅಪಾಯ. ಏರ್‌ಬ್ಯಾಗ್, ಎಬಿಎಸ್ ಇರುವ ಹೊಸ ಕಾರುಗಳು ಬಂದ ಮೇಲೆ ಸಂಸ್ಥೆಯೂ ಸಡಿಲವಾಯಿತು: ಮಾರ್ಪಾಡು ಮಾಡದ, 2008ರ ಮತ್ತು ನಂತರದ ಕಾರುಗಳಿಗೆ ರೋಲ್ ಬಾರ್ ಇಲ್ಲದೆಯೇ 10.00 ಸೆಕೆಂಡಿನವರೆಗೆ ಅವಕಾಶ ಸಿಕ್ಕಿತು.

ಬೆಲ್ಟಿನ ನಿಯಮ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ತಪಾಸಣೆಯವರು ಹಾರ್ನೆಸ್‌ನ ಪಟ್ಟಿ ಮಗುಚಿ ಎಸ್‌ಎಫ್‌ಐ ಚೀಟಿ ನೋಡುತ್ತಾರೆ. ತಯಾರಾದ ದಿನದಿಂದ ಎರಡು ವರ್ಷ ದಾಟಿದ್ದರೆ ಆ ಬೆಲ್ಟು ನಡೆಯದು. ಹೊಸದು ಕೊಳ್ಳಬೇಕು, ಇಲ್ಲವೇ ತಯಾರಕರಿಗೆ ಕಳಿಸಿ ಪಟ್ಟಿ ಬದಲಿಸಿಕೊಳ್ಳಬೇಕು. ಬಿಸಿಲಿಗೆ ಪಟ್ಟಿಯ ನೂಲು ಸತ್ವ ಕಳೆದುಕೊಳ್ಳುವುದು ನಿಜ. ಆದರೆ ವರ್ಷವಿಡೀ ತೆರೆದ ಕಾರಿನಲ್ಲಿ ಒಣಗಿದ ಬೆಲ್ಟಿಗೂ ಗ್ಯಾರೇಜಿನ ಕತ್ತಲಲ್ಲೇ ಉಳಿದ ಬೆಲ್ಟಿಗೂ ಒಂದೇ ವಾಯಿದೆ. ಅಂಗಡಿಯ ಕಪಾಟಿನಲ್ಲಿ ಕಳೆದ ತಿಂಗಳುಗಳೂ ಅದೇ ಲೆಕ್ಕಕ್ಕೆ ಸೇರುತ್ತವೆ.

ತಪಾಸಣೆಯವರ ಕಷ್ಟವೂ ಸಣ್ಣದಲ್ಲ. ಬೆಲ್ಟಿನ ಬಲ ಕಣ್ಣಿಗೆ ಕಾಣದು. ಹರಿಯುವ ತನಕ ಎಳೆದೇ ಅಳೆಯಬೇಕು. ಸಾಲುಗಟ್ಟಿ ನಿಂತ ಕಾರುಗಳ ಮುಂದೆ ಅವರು ಓದಬಹುದಾದದ್ದು ತಾರೀಖು ಮಾತ್ರ. ಹಾಗಾಗಿ ವಾಯಿದೆ ಬೇಕೇ ಬೇಕು. ಅದು ಎರಡೇ ವರ್ಷ ಆಗಬೇಕೆ ಎನ್ನುವುದು ಬೇರೆ ಮಾತು. ರೋಲ್ ಬಾರಿನ ಗೆರೆಯನ್ನು ಕಾಲಕ್ಕೆ ತಕ್ಕಂತೆ ಸರಿಸಿದ ಸಂಸ್ಥೆ ಬೆಲ್ಟಿನ ಗೆರೆಯನ್ನೂ ಮತ್ತೆ ಪರೀಕ್ಷೆಗೆ ಒಡ್ಡಲಿ, ಬಂದ ಫಲಿತಾಂಶವನ್ನು ದುಡ್ಡು ತೆರುವವರ ಮುಂದಿಡಲಿ. ಕಾರಣ ತಿಳಿದರೆ ಎರಡೇ ವರ್ಷಕ್ಕೂ ಹವ್ಯಾಸಿಗಳು ಒಪ್ಪಿಯಾರು.